ವಿಜ್ಞಾನದ ಇತಿಹಾಸದ ಜರ್ನಲ್‌ಗೆ ಇಂಪ್ಯಾಕ್ಟ್ ಫ್ಯಾಕ್ಟರ್ ಯಾಕಿಷ್ಟು ಕಡಿಮೆ?

ಓದುಗರ ಪ್ರಶ್ನೆ: ನಾನು ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಲೇಖನ ಕಳಿಸೋಣ ಅಂದುಕೊಂಡ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 1 ಕೂಡ ಮುಟ್ಟಿಲ್ಲ. ಜೀವಶಾಸ್ತ್ರದ ಗೆಳೆಯರು ನೋಡಿ ನಗುತ್ತಾರೆ. ಈ ಜರ್ನಲ್ ನಿಜಕ್ಕೂ ಕಳಪೆಯೇ?

ಉತ್ತರ: ಆ ಸಂಖ್ಯೆ ನೋಡಿ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಬೇಗ ಉಲ್ಲೇಖಿಸಿದರು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಇತಿಹಾಸಕಾರರು ಯಾವುದನ್ನೂ ಬೇಗ ಮಾಡುವವರಲ್ಲ.

ಲೆಕ್ಕ ಸರಳ. 2025ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕು ಅಂದುಕೊಳ್ಳಿ. ಆ ಜರ್ನಲ್ 2023 ಮತ್ತು 2024ರಲ್ಲಿ ಪ್ರಕಟಿಸಿದ್ದಕ್ಕೆ 2025ರಲ್ಲಿ ಎಷ್ಟು ಉಲ್ಲೇಖ ಬಂತು ಅಂತ ಎಣಿಸುತ್ತಾರೆ. ಅದನ್ನು ಆ ಎರಡು ವರ್ಷಗಳ ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅಷ್ಟೇ. ಪುಸ್ತಕ ಪರಿಚಯ, ಸಂಪಾದಕೀಯ ಇವೆಲ್ಲ ಭಾಗಿಸುವ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅವನ್ನು ಯಾರಾದರೂ ಉಲ್ಲೇಖಿಸಿದರೆ ಅದು ಉಲ್ಲೇಖಗಳ ಎಣಿಕೆಗೆ ಸೇರುತ್ತದೆ. ವಿಚಿತ್ರ ಅಲ್ವಾ?

ಈಗ ನಿಮ್ಮ ಕೆಲಸವನ್ನೇ ನೆನಪಿಸಿಕೊಳ್ಳಿ. 2024ರ ಮಧ್ಯದಲ್ಲಿ ಬಂದ ಒಂದು ಲೇಖನವನ್ನು ವರ್ಷದ ಕೊನೆಗೆ ಓದುತ್ತೀರಿ. ಮರುವರ್ಷ ಪತ್ರಾಗಾರಕ್ಕೆ ಹೋಗಿ ಹಳೆಯ ಪತ್ರಗಳು, ದಿನಚರಿಗಳು, ಪ್ರಯೋಗಾಲಯದ ಟಿಪ್ಪಣಿಗಳನ್ನು ನೋಡುತ್ತೀರಿ. ಬರೆಯುವ ಹೊತ್ತಿಗೆ 2026. ಪರಿಶೀಲಕರು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ, ತಿದ್ದಿ ಕಳಿಸಿ ಅನ್ನುತ್ತಾರೆ, ಆಮೇಲೆ ಸಂಚಿಕೆಯಲ್ಲಿ ಜಾಗಕ್ಕೆ ಕಾಯಬೇಕು. ಅಚ್ಚಾಗುವಾಗ 2027 ಆಗಿರುತ್ತದೆ. ಆದರೆ 2024ರ ಲೇಖನ ಲೆಕ್ಕಕ್ಕೆ ಬರುವುದು 2025 ಮತ್ತು 2026ರಲ್ಲಿ ಮಾತ್ರ. ಅಷ್ಟೆಲ್ಲ ಕಷ್ಟಪಟ್ಟು ಹಾಕಿದ ನಿಮ್ಮ ಉಲ್ಲೇಖ ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಸೊನ್ನೆ.

ಇನ್ನೊಂದು ತೊಂದರೆ ಪುಸ್ತಕಗಳದ್ದು. ಈ ಕ್ಷೇತ್ರದಲ್ಲಿ ದೊಡ್ಡ ಮಾತುಗಳು ಪುಸ್ತಕಗಳಲ್ಲೇ ಬರುತ್ತವೆ. ಲೇಖನವನ್ನು ಅತಿ ಜಾಸ್ತಿ ಬಳಸಿಕೊಳ್ಳುವವರೂ ಪುಸ್ತಕ ಬರೆಯುವವರೇ. ಯಾರು ಯಾವ ಲೇಖನವನ್ನು ಉಲ್ಲೇಖಿಸಿದರು ಅಂತ ದಾಖಲಿಸುವ ಉಲ್ಲೇಖ ಸೂಚಿಗಳು ಹುಟ್ಟಿದ್ದು ಜರ್ನಲ್‌ಗಳನ್ನು ನೆಚ್ಚಿಕೊಂಡು. ಪುಸ್ತಕಗಳಿಗೆ ಬೇರೆ ಸೂಚಿ ಸೇರಿದ್ದು 2011ರಲ್ಲಿ. ಇವತ್ತಿಗೂ ಎಷ್ಟೋ ಪುಸ್ತಕಗಳ ಅಡಿಟಿಪ್ಪಣಿಗಳು ಯಾರ ಎಣಿಕೆಗೂ ಸಿಗುವುದಿಲ್ಲ. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಬರೆದರಂತೂ ಕೇಳುವುದೇ ಬೇಡ.

ಮೂರನೆಯದು, ಲೇಖನಗಳ ಸಂಖ್ಯೆ ತೀರಾ ಚಿಕ್ಕದು. ವರ್ಷಕ್ಕೆ 20 ಲೇಖನ ಹಾಕುವ ಜರ್ನಲ್ ಅಂದುಕೊಳ್ಳಿ. ಎರಡು ವರ್ಷಕ್ಕೆ 40. ಅವಕ್ಕೆ 32 ಉಲ್ಲೇಖ ಬಂದರೆ ಇಂಪ್ಯಾಕ್ಟ್ ಫ್ಯಾಕ್ಟರ್ 0.8. ಒಂದೇ ಒಂದು ಲೇಖನ ಹೇಗೋ ವೈದ್ಯರ ಕಣ್ಣಿಗೆ ಬಿದ್ದು ಇನ್ನೂ 20 ಉಲ್ಲೇಖ ತಂದರೆ 52 ಆಯಿತು, ಅಂದರೆ 1.3. ಉಳಿದ 39 ಲೇಖನಗಳು ಇದ್ದ ಹಾಗೇ ಇವೆ. ಎರಡು ವರ್ಷ ಕಳೆದು ಆ ಲೇಖನ ಲೆಕ್ಕದಿಂದ ಹೊರಬಿದ್ದಾಗ ಅಂಕಿ ಮತ್ತೆ ಇಳಿಯುತ್ತದೆ. ಸಂಪಾದಕರು ಮಾತ್ರ ಏನು ತಪ್ಪಾಯಿತು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಮೊದಲೆಲ್ಲ ಈ ಅಂಕಿಯನ್ನು ದಶಮಾಂಶದ ಮೂರು ಸ್ಥಾನದವರೆಗೆ ಕೊಡುತ್ತಿದ್ದರು. 2023ರಿಂದ ಒಂದೇ ಸ್ಥಾನ. ಅದು ಒಳ್ಳೆಯದೇ ಆಯಿತು. ಅದೇ ವರ್ಷ ಕಲೆ ಮತ್ತು ಮಾನವಿಕ ಸೂಚಿಯಲ್ಲಿ ಮಾತ್ರ ಇದ್ದ ಜರ್ನಲ್‌ಗಳಿಗೂ ಮೊದಲ ಸಲ ಇಂಪ್ಯಾಕ್ಟ್ ಫ್ಯಾಕ್ಟರ್ ಸಿಕ್ಕಿತು. ಅದು ಒಳ್ಳೆಯದಾಯಿತೋ ಇಲ್ಲವೋ, ನನಗೆ ಅನುಮಾನ.

ಇದರಲ್ಲಿ ಒಂದು ತಮಾಷೆಯೂ ಇದೆ. ಉಲ್ಲೇಖ ಎಣಿಸುವ ವಿದ್ಯೆಗೂ ವಿಜ್ಞಾನದ ಇತಿಹಾಸಕ್ಕೂ ಹತ್ತಿರದ ನೆಂಟಸ್ತಿಕೆ. ಇಂಪ್ಯಾಕ್ಟ್ ಫ್ಯಾಕ್ಟರ್ ರೂಪಿಸಿದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ವಿಜ್ಞಾನಕ್ಕೆ ಉಲ್ಲೇಖ ಸೂಚಿ ಬೇಕು ಅಂತ ಬರೆದರು. ಅಮೆರಿಕದ ವಕೀಲರು ಹಳೆಯ ತೀರ್ಪುಗಳನ್ನು ಹುಡುಕಲು ಬಳಸುತ್ತಿದ್ದ ಶೆಪರ್ಡ್ ಸೂಚಿಯೇ ಅವರಿಗೆ ಮಾದರಿ. ಸೂಚಿ ಬಂದ ಹೊಸದರಲ್ಲೇ, 1964ರಲ್ಲಿ, ಅದನ್ನು ಬಳಸಿ ವಿಜ್ಞಾನದ ಇತಿಹಾಸ ಬರೆಯಬಹುದೇ ಅಂತ ಅವರೇ ಪರೀಕ್ಷೆ ಮಾಡಿ ನೋಡಿದರು.

ಇನ್ನು ಡೆರೆಕ್ ಡಿ ಸೊಲ್ಲಾ ಪ್ರೈಸ್. ಸಿಂಗಪುರದ ರಾಫಲ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ರಾಯಲ್ ಸೊಸೈಟಿಯ ಜರ್ನಲ್‌ನ ಹಳೆಯ ಸಂಪುಟಗಳನ್ನು ಮನೆಗೆ ತಂದು, ಹತ್ತು ಹತ್ತು ವರ್ಷಕ್ಕೊಂದು ರಾಶಿ ಮಾಡಿ ಗೋಡೆಗೆ ಒತ್ತಿ ಪೇರಿಸಿದ್ದರಂತೆ. ರಾಶಿಗಳ ಎತ್ತರ ದುಪ್ಪಟ್ಟು, ಮತ್ತೆ ದುಪ್ಪಟ್ಟು ಅನ್ನುವಂತೆ ಏರುತ್ತಾ ಹೋಗಿದ್ದು ಕಣ್ಣಿಗೆ ಬಿತ್ತು. ಮುಂದೆ ಯೇಲ್‌ನಲ್ಲಿ ವಿಜ್ಞಾನದ ಇತಿಹಾಸದ ಪ್ರಾಧ್ಯಾಪಕರಾದರು. ವಿಜ್ಞಾನವನ್ನು ಅಂಕಿಯಿಂದ ಅಳೆಯುವ ಶಾಸ್ತ್ರಕ್ಕೆ ಅವರನ್ನೇ ಪಿತಾಮಹ ಅನ್ನುತ್ತಾರೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಅವರು 1970ರಲ್ಲೇ ಕೊಟ್ಟಿದ್ದರು. ಒಂದು ಲೇಖನದ ಉಲ್ಲೇಖಗಳಲ್ಲಿ ಕಳೆದ ಐದು ವರ್ಷದವು ಎಷ್ಟು ಪಾಲು ಅಂತ ನೋಡಿ ಅಂದರು. ಭೌತಶಾಸ್ತ್ರದಲ್ಲಿ ಆ ಪಾಲು ದೊಡ್ಡದು, ಮಾನವಿಕಗಳಲ್ಲಿ ಚಿಕ್ಕದು. ಅಂದರೆ ಎರಡು ವರ್ಷದ ಅಳತೆ ಈ ಕ್ಷೇತ್ರಕ್ಕೆ ಹೊಂದುವುದಿಲ್ಲ ಅನ್ನುವುದಕ್ಕೆ ಪುರಾವೆ ಕೊಟ್ಟವರು ವಿಜ್ಞಾನದ ಇತಿಹಾಸಕಾರರೇ.

ಜಗಳವೂ ಆಗಿದೆ. ಯುರೋಪಿಯನ್ ಸೈನ್ಸ್ ಫೌಂಡೇಶನ್ ಮಾನವಿಕ ಜರ್ನಲ್‌ಗಳಿಗೆ ಎ, ಬಿ, ಸಿ ಅಂತ ದರ್ಜೆ ಹಾಕಿತು. ಅದು ಉಲ್ಲೇಖದ ಎಣಿಕೆಯಲ್ಲ, ತಜ್ಞರ ಸಮಿತಿ ಕೊಟ್ಟದ್ದು. ಆದರೂ ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯದ ಇತಿಹಾಸದ ಹತ್ತಾರು ಜರ್ನಲ್‌ಗಳ ಸಂಪಾದಕರು ಒಟ್ಟಾಗಿ, ನಮ್ಮ ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆಯಿರಿ ಅಂತ ಬರೆದರು. ಅದೇ ಹೇಳಿಕೆ 2009ರಲ್ಲಿ ಹಲವು ಜರ್ನಲ್‌ಗಳಲ್ಲಿ ಅಚ್ಚಾಯಿತು. ಕೊನೆಗೆ ಎ, ಬಿ, ಸಿ ಹೋಯಿತು.

ಹಾಗಾದರೆ ಏನು ನೋಡಬೇಕು? ಐದು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಸ್ವಲ್ಪ ವಾಸಿ. ಸ್ನಿಪ್ ಅನ್ನುವ ಅಳತೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಇರುವ ಉಲ್ಲೇಖದ ಅಭ್ಯಾಸವನ್ನು ಸರಿದೂಗಿಸಲು ನೋಡುತ್ತದೆ. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಸೈಟೆಡ್ ಹಾಫ್ ಲೈಫ್. ಜರ್ನಲ್‌ಗೆ ಈ ವರ್ಷ ಬಂದ ಉಲ್ಲೇಖಗಳಲ್ಲಿ ಅರ್ಧದಷ್ಟು ಎಷ್ಟು ಹಳೆಯ ಲೇಖನಗಳಿಗೆ ಬಂದಿವೆ ಅಂತ ಅದು ತಿಳಿಸುತ್ತದೆ. ಅದು ಹತ್ತು ವರ್ಷ ದಾಟಿದ್ದರೆ, ಹಳೆಯ ಸಂಚಿಕೆಗಳನ್ನು ಜನ ಈಗಲೂ ತೆಗೆದು ಓದುತ್ತಿದ್ದಾರೆ ಅಂತ ಅರ್ಥ.

ಕ್ಷೇತ್ರದೊಳಗಿನ ಶ್ರೇಯಾಂಕವನ್ನು ಮಾತ್ರ ಹುಷಾರಾಗಿ ನೋಡಿ. ಅಲ್ಲಿ ವಿಜ್ಞಾನದ ಇತಿಹಾಸವನ್ನೂ ತತ್ವಶಾಸ್ತ್ರವನ್ನೂ ಒಂದೇ ಗುಂಪಿಗೆ ಹಾಕಿದ್ದಾರೆ. ವಿಜ್ಞಾನದ ಸಾಮಾಜಿಕ ಅಧ್ಯಯನದ ಜರ್ನಲ್‌ಗಳೂ ಅಲ್ಲೇ ಇವೆ. ಹಾಗಾಗಿ ಅಪ್ಪಟ ಇತಿಹಾಸದ ಜರ್ನಲ್ ಕೆಳಗೆ ಕಂಡರೆ ಗಾಬರಿಯಾಗಬೇಡಿ.

ಕೊನೆಗೆ, ಕಂಪ್ಯೂಟರ್ ಬೇಡದ ಒಂದು ಪರೀಕ್ಷೆ. ನಿಮ್ಮ ವಿಷಯದ ಮೇಲೆ ಈಚೆಗೆ ಬಂದ ನಾಲ್ಕೈದು ಒಳ್ಳೆಯ ಪುಸ್ತಕ ತೆಗೆದುಕೊಳ್ಳಿ. ಹಿಂದಿನ ಪುಟಗಳ ಟಿಪ್ಪಣಿಗಳಲ್ಲಿ ಆ ಜರ್ನಲ್‌ನ ಹೆಸರು ಎಷ್ಟು ಸಲ ಬರುತ್ತದೆ ಅಂತ ಪೆನ್ಸಿಲ್ ಹಿಡಿದು ಗುರುತು ಹಾಕಿ. ಮತ್ತೆ ಮತ್ತೆ ಬರುತ್ತಿದ್ದರೆ ಲೇಖನ ಕಳಿಸಿಬಿಡಿ.