ಕೆಜಿಎಫ್‌ನ ಬಂಡೆ ದಾಟಿ ಬಂದ ಕಣ

ಆಲ್ಫಾ ವಿಕಿರಣ ತಡೆಯಲು ಒಂದು ಹಾಳೆ ಕಾಗದ ಸಾಕು, ಬೀಟಾಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ತಗಡು, ಗಾಮಾಗೆ ದಪ್ಪ ಸೀಸ. ಇಷ್ಟನ್ನು ಶಾಲೆಯಲ್ಲಿ ಓದಿರುತ್ತೇವೆ ಅಲ್ವಾ? ಆದರೆ ಯಾವುದಕ್ಕೂ ಜಗ್ಗದ ನ್ಯೂಟ್ರಿನೋ ಎಂಬ ಕಣವನ್ನು ಹಿಡಿದ ಕಥೆ ನಮ್ಮ ಕೋಲಾರ ಜಿಲ್ಲೆಯದ್ದೇ. ಅದು ಪಾಠದಲ್ಲಿ ಯಾಕಿಲ್ಲವೋ!

ಕಣ ಎಷ್ಟು ದೂರ ಹೋಗುತ್ತದೆ ಅನ್ನೋದು ಅದು ದಾರಿಯಲ್ಲಿ ಎಷ್ಟು ಬೇಗ ಶಕ್ತಿ ಖರ್ಚು ಮಾಡುತ್ತದೆ ಅನ್ನೋದರ ಮೇಲಿದೆ. ಆಲ್ಫಾ ಭಾರವಾದದ್ದು, ಅದರ ವೇಗ ಕಡಿಮೆ. ಸಿಕ್ಕ ಸಿಕ್ಕ ಪರಮಾಣುಗಳಿಂದ ಎಲೆಕ್ಟ್ರಾನ್ ಕೀಳುತ್ತಾ ಗಾಳಿಯಲ್ಲಿ ಕೆಲವೇ ಸೆಂಟಿಮೀಟರ್‌ಗೆ ಸುಸ್ತಾಗುತ್ತದೆ. ಹಾಗಂತ ಅದು ಸಾಧು ಅಲ್ಲ. ಗ್ರಾನೈಟ್‌ನಲ್ಲಿರುವ ಯುರೇನಿಯಂನಿಂದ ಹುಟ್ಟುವ ರೇಡಾನ್ ಅನಿಲ ಉಸಿರಿನ ಜೊತೆ ಒಳಗೆ ಹೋದರೆ, ಆಲ್ಫಾದ ಅಷ್ಟೂ ಶಕ್ತಿ ಶ್ವಾಸಕೋಶದ ಮೇಲೇ ಬೀಳುತ್ತದೆ. ಗಾಮಾಗೆ ವಿದ್ಯುದಾವೇಶವೇ ಇಲ್ಲ. ಅದನ್ನು ಯಾವ ಗೋಡೆಯೂ ಪೂರ್ತಿ ತಡೆಯುವುದಿಲ್ಲ. ಕೋಬಾಲ್ಟ್-60ರ ಗಾಮಾ ಸುಮಾರು 1.2 ಸೆಂ.ಮೀ. ಸೀಸ ದಾಟಿದರೆ ಅರ್ಧ ಉಳಿಯುತ್ತದೆ, ಮತ್ತೆ ಅಷ್ಟೇ ದಾಟಿದರೆ ಅದರ ಅರ್ಧ.

ಇನ್ನು ಮ್ಯೂಆನ್. ಬಾಹ್ಯಾಕಾಶದ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಕಣ ಇದು. ಈಗ ನಿಮ್ಮ ಅಂಗೈ ಚಾಚಿ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮ್ಯೂಆನ್ ಅದನ್ನು ದಾಟಿ ಹೋಗುತ್ತಿದೆ. ಎಲೆಕ್ಟ್ರಾನ್‌ಗಿಂತ ಸುಮಾರು 207 ಪಟ್ಟು ಭಾರ. ಶಕ್ತಿ ಜಾಸ್ತಿ ಇದ್ದರೆ ನೂರಾರು ಮೀಟರ್ ಬಂಡೆಯನ್ನೂ ಕೊರೆದು ಹೋಗುತ್ತದೆ. ಇದನ್ನು ಅಳೆಯಲೆಂದೇ 1950ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಉಪಕರಣಗಳನ್ನು ಕೆಜಿಎಫ್ ಗಣಿಗೆ ಇಳಿಸಿದರು. ಕೆಳಗೆ ಹೋದಂತೆಲ್ಲ ಎಣಿಕೆ ಇಳಿಯುತ್ತಾ ಬಂತು. 1960ರ ದಶಕದ ಮೊದಲಲ್ಲಿ ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನ್ ಬರಲಿಲ್ಲ.

ಸುಮ್ನೆ ನಿರಾಶೆ ಪಡುವ ಮಾತಲ್ಲ ಇದು. ಇಷ್ಟು ನಿಶ್ಶಬ್ದವಾದ ಜಾಗ ನ್ಯೂಟ್ರಿನೋ ಹಿಡಿಯಲು ಬಲು ಚೆನ್ನ! ನ್ಯೂಟ್ರಿನೋ ಇಡೀ ಭೂಮಿಯನ್ನೇ ದಾಟಿ ಹೋಗಬಲ್ಲದು, ಅಪರೂಪಕ್ಕೊಮ್ಮೆ ಬಂಡೆಯಲ್ಲಿ ಬಡಿದು ಮ್ಯೂಆನ್ ಹುಟ್ಟಿಸುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿ, ಅಡ್ಡಡ್ಡ ಬರುವ ಮ್ಯೂಆನ್‌ಗಾಗಿ ಕಾದರು. ಆಕಾಶದ ಮ್ಯೂಆನ್ ಅಡ್ಡಡ್ಡ ಬರಬೇಕೆಂದರೆ ಇನ್ನೂ ಎಷ್ಟೋ ಪಟ್ಟು ಬಂಡೆ ದಾಟಬೇಕು, ಅದು ಸಾಧ್ಯವಿಲ್ಲ. ಹಾಗಾಗಿ ಅಡ್ಡ ಬಂದದ್ದು ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೋದಿಂದ ಹುಟ್ಟಿರಬೇಕು.

1965ರಲ್ಲಿ ಅದು ಸಿಕ್ಕಿತು. ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರೂ ತಂಡದಲ್ಲಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಿಂದಲೂ ಇದೇ ಸುದ್ದಿ ಬಂತು. ಆದರೆ ಕೆಜಿಎಫ್ ತಂಡದ ಲೇಖನ ಸುಮಾರು ಎರಡು ವಾರ ಮೊದಲೇ ಅಚ್ಚಾಗಿತ್ತು.