‘ನೆಹರೂವಿಯನ್’ ಬೇರೆ, ‘ನೆಹರೂ ಅವರ’ ಬೇರೆ

ಹಾಸನದಲ್ಲಿ ನಾವು ಒಟ್ಟಿಗೆ ಕೂತು ರಾಜ್ಯಶಾಸ್ತ್ರ ಓದುವಾಗ ಜಾಸ್ತಿ ಜನ ಎಡವುವ ಪದ ಇದು. ‘ನೆಹರೂವಿಯನ್ ಅರ್ಥನೀತಿ’ ಅಂತ ಕಂಡ ಕೂಡಲೇ ‘ನೆಹರೂ ಅವರ ಅರ್ಥನೀತಿ’ ಅಂತ ಬರೆದುಕೊಂಡು ಪುಟ ತಿರುಗಿಸುತ್ತೇವೆ. ಅಲ್ಲೇ ಅರ್ಥ ಕೈತಪ್ಪುತ್ತದೆ.

ಮೊದಲು ಕಾಗುಣಿತ. ಗಾಂಧಿಗೆ ‘ಗಾಂಧಿಯನ್’, ನೆಹರೂಗೆ ಮಾತ್ರ ನಡುವೆ ‘ವ’ ಯಾಕೆ? ಪದ ಇಂಗ್ಲಿಷಿನದು, ನಮ್ಮ ವ್ಯಾಕರಣಕ್ಕೆ ಸೇರಿದ್ದಲ್ಲ. ಆದರೂ ನೆನಪಿಟ್ಟುಕೊಳ್ಳಲು ಹೈಸ್ಕೂಲಿನ ಆಗಮ ಸಂಧಿ ಸಾಕು. ನದಿ ‘ನದಿಯನ್ನು’ ಆಗುತ್ತದೆ, ಗುರು ‘ಗುರುವನ್ನು’ ಆಗುತ್ತದೆ, ಅಲ್ವಾ? ಹಾಗೇ ಇದೂ.

ಅರ್ಥ ತಿಳಿಯಲು ನಮ್ಮ ಜಿಲ್ಲೆಯ ಗೊರೂರಿಗೆ ಹೋಗೋಣ. ಅಲ್ಲಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ನೆಹರೂ ತೀರಿಕೊಂಡದ್ದು 1964ರ ಮೇ 27ರಂದು. ಹಾಗಾಗಿ ಅದನ್ನು ನೆಹರೂ ಅವರ ಅಣೆಕಟ್ಟು ಅನ್ನಲಾಗುವುದಿಲ್ಲ. ಆದರೆ ಸರ್ಕಾರವೇ ಮುಂದೆ ನಿಂತು ದೊಡ್ಡ ಕಟ್ಟೆ, ದೊಡ್ಡ ಕಾರ್ಖಾನೆ ಕಟ್ಟಿದರೆ ನಾಡು ಮೇಲೆ ಬರುತ್ತದೆ ಎಂಬ ನಂಬಿಕೆ ಇದೆಯಲ್ಲ, ಅದು ನೆಹರೂವಿಯನ್. ಮಳೆಗಾಲದಲ್ಲಿ ಹಿನ್ನೀರು ಏರಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗಿ ನಿಲ್ಲುತ್ತದೆ. ಆ ನಂಬಿಕೆಗೆ ಊರುಗಳು ಏನು ತೆತ್ತವು ಅಂತ ಅಲ್ಲಿ ಕಣ್ಣಾರೆ ಕಾಣಬಹುದು.

ದೆಹಲಿಯ ಉದಾಹರಣೆ ಬೇಕಾದರೆ ದೊಡ್ಡ ಕಾರ್ಖಾನೆಗಳಿಗೆ ಒತ್ತು ಕೊಟ್ಟ 1956ರ ಎರಡನೇ ಪಂಚವಾರ್ಷಿಕ ಯೋಜನೆ ನೋಡಿ. ಅದರ ಲೆಕ್ಕಾಚಾರ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರದು, ಹಣೆಪಟ್ಟಿ ಮಾತ್ರ ನೆಹರೂವಿಯನ್.

ಇನ್ನು ಕನ್ನಡದಲ್ಲಿ ಏನು ಬರೆಯಬೇಕು? ಗೊರೂರಿನವರೇ ಆದ ಸಾಹಿತಿ ರಾಮಸ್ವಾಮಿ ಅಯ್ಯಂಗಾರ್ ಅವರನ್ನು ಗಾಂಧೀವಾದಿ ಅನ್ನುತ್ತೇವೆ. ‘ವಾದಿ’ ಅಂದ ಕೂಡಲೇ ನಮಗೆ ಕಣ್ಣಮುಂದೆ ಬರುವುದು ಮನುಷ್ಯ. ಅದಕ್ಕೇ ‘ನೆಹರೂವಾದಿ ಕಾರ್ಖಾನೆ’ ಅಂದರೆ ಕಿವಿಗೆ ಹಿತವಾಗುವುದಿಲ್ಲ. ನೀತಿಯ ಬಗ್ಗೆ ಬರೆಯುವಾಗ ‘ನೆಹರೂ ಮಾದರಿಯ’, ಕಾಲದ ಬಗ್ಗೆ ಬರೆಯುವಾಗ ‘ನೆಹರೂ ಯುಗದ’ ಅಂತ ಬರೆಯಿರಿ. ಎರಡನ್ನೂ ಬೆರೆಸಬೇಡಿ.

ಈ ವ್ಯತ್ಯಾಸ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದು ಭಾಷಣದಿಂದ. 1954ರಲ್ಲಿ ಭಾಕ್ರಾ ನಂಗಲ್ ಅಣೆಕಟ್ಟಿನ ಕೆಲಸವನ್ನು ಗುಡಿಗೆ ಹೋಲಿಸಿದ್ದ ನೆಹರೂ, 1958ರಲ್ಲಿ ನೀರಾವರಿ ಎಂಜಿನಿಯರುಗಳ ಮುಂದೆ ನಿಂತು, ಬರೀ ಭಾರಿ ಗಾತ್ರದ್ದನ್ನೇ ಕಟ್ಟುವ ಹಂಬಲ ಒಂದು ಕಾಯಿಲೆ ಎಂಬರ್ಥದ ಮಾತಾಡಿದರು. ಸಣ್ಣ ಯೋಜನೆಗಳ ಪರವಾಗಿ ನಿಂತರು. ಮಾತು ನೆಹರೂ ಅವರದೇ. ಆದರೆ ಯಾವ ಪಠ್ಯಪುಸ್ತಕವೂ ಅದನ್ನು ನೆಹರೂವಿಯನ್ ಅಂತ ಕರೆದದ್ದನ್ನು ನಾನು ಕಂಡಿಲ್ಲ.