‘ಇದೇನು?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ 22 ಮಂದಿ

ಸೋರುತ್ತಿರುವ ಡ್ರಮ್ಮಿನ ಮೇಲೆ ಲೇಬಲ್ ಇಲ್ಲದಿದ್ದರೆ ಅಗ್ನಿಶಾಮಕ ದಳದ ಕೈ ಅರ್ಧ ಕಟ್ಟಿಹಾಕಿದಂತೆಯೇ. ಅಮೋನಿಯಾ ಆವಿಯನ್ನು ನೀರಿನ ತುಂತುರು ಹೀರಿಕೊಳ್ಳುತ್ತದೆ; ಸೋಡಿಯಂ ಲೋಹಕ್ಕೆ ಅದೇ ನೀರು ತಾಗಿದರೆ ಬೆಂಕಿ. ಮೊದಲು ಗೊತ್ತಾಗಬೇಕಾದದ್ದು ಒಳಗಿರುವುದು ಏನೆಂಬುದು.

ಅಮೆರಿಕದ ರಾಜ್ಯಗಳ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನ ಸಿವಿಲ್ ಸಪೋರ್ಟ್ ಟೀಮ್‌ಗಳು ಇದಕ್ಕೆಂದೇ ಇವೆ. ಸಾಮೂಹಿಕ ವಿನಾಶದ ಅಸ್ತ್ರಗಳ ಭಯದಿಂದ 1998ರಲ್ಲಿ 10 ತಂಡಗಳ ಯೋಜನೆಯಾಗಿ ಘೋಷಣೆಯಾದದ್ದು ಈಗ 57 ತಂಡಗಳಾಗಿವೆ. ಪ್ರತಿ ರಾಜ್ಯಕ್ಕೂ ಕನಿಷ್ಠ ಒಂದಿದೆ. ಒಂದೊಂದರಲ್ಲೂ ಪೂರ್ಣಾವಧಿ ಕೆಲಸದ 22 ಮಂದಿ. ಕರೆ ಬಂದ 90 ನಿಮಿಷದೊಳಗೆ ಮುಂಗಡ ತುಕಡಿ, 3 ಗಂಟೆಯೊಳಗೆ ಉಳಿದವರು ಹೊರಡಬೇಕು. ಸಮವಸ್ತ್ರ ಸೇನೆಯದಾದರೂ ಸ್ಥಳದಲ್ಲಿ ಅಧಿಕಾರ ಇವರದಲ್ಲ. ಸಾಮಾನ್ಯವಾಗಿ ಅಗ್ನಿಶಾಮಕ ದಳದವರೇ ಆಗಿರುವ ಇನ್ಸಿಡೆಂಟ್ ಕಮಾಂಡರ್ ಕೈಕೆಳಗೆ ಇವರ ಕೆಲಸ: ಪತ್ತೆ ಮಾಡುವುದು, ಅಪಾಯ ಅಳೆಯುವುದು, ಸಲಹೆ ಕೊಡುವುದು. ಚೆಲ್ಲಿದ್ದನ್ನು ಬಳಿದು ಸ್ವಚ್ಛ ಮಾಡುವವರು ಬೇರೆ.

ಒಳಗೆ ಹೋಗುವುದು ಸರ್ವೇ ವಿಭಾಗದವರು. ಹೋಗುವವರು ಕನಿಷ್ಠ ಇಬ್ಬರು; ಅವರನ್ನು ಎಳೆದು ತರಲು ಹೊರಗೆ ಸಜ್ಜಾಗಿ ನಿಂತವರೂ ಕನಿಷ್ಠ ಇಬ್ಬರು. ಡಿಕಾನ್ ಸಾಲು, ಅಂದರೆ ಸೂಟು ತೊಳೆದು ಬಿಚ್ಚುವ ಜಾಗ, ಸಿದ್ಧವಾಗುವ ಮುನ್ನ ಯಾರೂ ಅಪಾಯ ವಲಯದ ಗೆರೆ ದಾಟುವುದಿಲ್ಲ. ಪೂರ್ತಿ ಮುಚ್ಚಿದ ಲೆವೆಲ್ ಎ ಸೂಟಿನಲ್ಲಿ ಬೆವರು ಆರಲು ದಾರಿಯಿಲ್ಲ. ಹಾಗಾಗಿ ಒಳಹೋಗುವ ಮೊದಲು, ಬಂದ ಮೇಲೆ ವೈದ್ಯಕೀಯ ವಿಭಾಗ ನಾಡಿ, ರಕ್ತದೊತ್ತಡ, ಉಷ್ಣತೆ ನೋಡುತ್ತದೆ.

ಗಾಳಿಯ ಲೆಕ್ಕ ಇನ್ನೂ ಬಿಗಿ. ‘60 ನಿಮಿಷದ’ ಸಿಲಿಂಡರ್ ಎಂದರೆ ನಿಮಿಷಕ್ಕೆ 40 ಲೀಟರ್ ಉಸಿರಾಟದ ಲೆಕ್ಕ. ಮೈಮುರಿಯುವ ಕೆಲಸದಲ್ಲಿ ಅದು 60 ಲೀಟರ್‌ಗೆ ಏರಿದರೆ 40 ನಿಮಿಷಕ್ಕೇ ಖಾಲಿ. ಹೋಗಲು 8, ಬರಲು 8, ಡಿಕಾನ್‌ಗೆ 10 ನಿಮಿಷ ಹಿಡಿದರೆ ಡ್ರಮ್ಮಿನ ಮುಂದೆ ಸಿಗುವುದು 14 ನಿಮಿಷ. ದಪ್ಪ ಕೈಗವಸಿನಲ್ಲಿ ಶೀಶೆಯ ಮುಚ್ಚಳ ತಿರುಗಿಸಲಿಕ್ಕೇ ಅದರಲ್ಲೊಂದು ಪಾಲು ಹೋಗುತ್ತದೆ.

ಉಪಕರಣ ಸುಮ್ಮನಿದೆಯೆಂದರೆ ಅಪಾಯವಿಲ್ಲ ಎಂದು ನಂಬುವುದೇ ಇಲ್ಲಿ ದೊಡ್ಡ ಮೋಸ. ಆವಿ ಪತ್ತೆಗೆ ಬಳಸುವ ಪಿಐಡಿ ಯಂತ್ರ ತನ್ನ ದೀಪದ ಬೆಳಕಿನಿಂದ ಆವಿಯ ಅಣುವನ್ನು ಅಯಾನೀಕರಿಸಿ, ಅಂದರೆ ಅದರಿಂದ ಎಲೆಕ್ಟ್ರಾನ್ ಕಿತ್ತು, ಅಳೆಯುತ್ತದೆ; ಸಾಮಾನ್ಯ ದೀಪದ ಶಕ್ತಿ 10.6 ಎಲೆಕ್ಟ್ರಾನ್ ವೋಲ್ಟ್. ಬೆಂಜೀನ್‌ನ ಅಯಾನೀಕರಣಕ್ಕೆ 9.24 ಸಾಕು, ಯಂತ್ರ ಕೂಗುತ್ತದೆ. ಕ್ಲೋರಿನ್‌ಗೆ ಸುಮಾರು 11.5 ಬೇಕು, ಮೀಥೇನ್‌ಗೆ 12.6. ಕೊಲ್ಲುವಷ್ಟು ಕ್ಲೋರಿನ್ ಇದ್ದರೂ ಪರದೆಯ ಮೇಲೆ ಸೊನ್ನೆ. ಉರಿಯುವ ಅನಿಲ ಸ್ಫೋಟದ ಮಟ್ಟಕ್ಕೆ ಎಷ್ಟು ಹತ್ತಿರವಿದೆಯೆಂದು ಅಳೆಯುವ ಎಲ್‌ಇಎಲ್ ಸೆನ್ಸರ್‌ನದು ಬೇರೆ ಕಥೆ: ಅನಿಲವನ್ನು ತನ್ನೊಳಗೇ ಉರಿಸಿ ಅಳೆಯುವ ಅದಕ್ಕೆ ಆಮ್ಲಜನಕ ಬೇಕು. ಅದಕ್ಕೇ ಮೊದಲು ಆಮ್ಲಜನಕದ ಅಂಕಿ ನೋಡಿ, ಆಮೇಲೆ ಎಲ್‌ಇಎಲ್ ಓದುವುದು. ನರವಿಷ ಹುಡುಕುವ ಎಂ8 ಕಾಗದ ಇದಕ್ಕೆ ತದ್ವಿರುದ್ಧ. ಬ್ರೇಕ್ ಆಯಿಲ್ ತಾಗಿದರೂ ಬಣ್ಣ ತಿರುಗಿ ಹೆದರಿಸಬಲ್ಲದು. ಬಡಪಾಯಿ ಪಿಎಚ್ ಕಾಗದವನ್ನು ಯಾರೂ ಬಿಟ್ಟು ಹೋಗುವುದಿಲ್ಲ. ಒದ್ದೆ ಮಾಡಿ ಹಿಡಿದರೆ ಆಮ್ಲದ ಆವಿಯನ್ನು ತಕ್ಷಣ ಹೇಳುತ್ತದೆ, ಬ್ಯಾಟರಿಯೂ ಬೇಡ.

ಮಾದರಿ ಬರುವುದು ತಂಡದ ಲಾರಿ ಪ್ರಯೋಗಾಲಯಕ್ಕೆ. ಅಲ್ಲಿ ಮುಚ್ಚಿದ ಗ್ಲವ್ ಬಾಕ್ಸ್‌ನೊಳಗೆ ಅದನ್ನು ತೆರೆದು ಇನ್‌ಫ್ರಾರೆಡ್ ಯಂತ್ರಕ್ಕೆ, ಆವಿಯಾಗುವಂಥದ್ದಾದರೆ ಬೆರೆತ ಪದಾರ್ಥಗಳನ್ನು ಬಿಡಿಸಿ ಒಂದೊಂದನ್ನೂ ಗುರುತಿಸುವ ಜಿಸಿ-ಎಂಎಸ್‌ಗೆ ಒಡ್ಡುತ್ತಾರೆ. ಇಲ್ಲೂ ಕುರುಡು ಮೂಲೆಗಳಿವೆ. ಬಿಳಿ ಪುಡಿ ಪಿಷ್ಟವೋ ಸಕ್ಕರೆಯೋ ಎಂದು ಇನ್‌ಫ್ರಾರೆಡ್ ನಿಮಿಷಗಳಲ್ಲಿ ಹೇಳುತ್ತದೆ, ಅಡುಗೆ ಉಪ್ಪಿಗೆ ಮಾತ್ರ ಏನೂ ತೋರಿಸುವುದಿಲ್ಲ. ನಾಲ್ಕಾರು ಪದಾರ್ಥ ಬೆರೆತಿದ್ದರೆ ಅದಕ್ಕೆ ಹೆಚ್ಚು ಪ್ರಮಾಣದಲ್ಲಿರುವುದೇ ಕಾಣುತ್ತದೆ, ಕೊಂಚವೇ ಇರುವ ವಿಷ ಅದರ ನೆರಳಲ್ಲಿ ಅಡಗುತ್ತದೆ. ಆದ್ದರಿಂದ ಬೇರೆ ಬೇರೆ ತತ್ವದ ಎರಡು ಯಂತ್ರಗಳು ಒಂದೇ ಮಾತು ಹೇಳುವವರೆಗೆ ‘ಇದೇ’ ಅನ್ನುವುದಿಲ್ಲ, ‘ಇರಬಹುದು’ ಅನ್ನುತ್ತಾರೆ.

2001ರಲ್ಲಿ ಮಾರಕ ಆಂಥ್ರಾಕ್ಸ್ ಬ್ಯಾಕ್ಟೀರಿಯಾದ ಪುಡಿ ತುಂಬಿ ಅಂಚೆಯಲ್ಲಿ ಕಳಿಸಿದ ಪತ್ರಗಳಿಂದ 22 ಮಂದಿಗೆ ಸೋಂಕು ತಗುಲಿ 5 ಮಂದಿ ಸತ್ತ ಮೇಲೆ, ಪುಡಿಯಿರುವ ಲಕೋಟೆ ಕಂಡಲ್ಲೆಲ್ಲ ಕರೆ ಹೋಗುವಂತಾಯಿತು. ಅಂಥ ಕಡೆ ಲಾರಿಯಲ್ಲಿ ಮಾಡುವ ಪಿಸಿಆರ್ ಪ್ರಾಥಮಿಕ ಉತ್ತರ ಮಾತ್ರ. ಜೀವಾಣು ಬದುಕಿದೆಯೇ ಎಂಬುದನ್ನು ಅದು ಹೇಳಲಾರದು. ಖಚಿತಪಡಿಸುವ ಕೆಲಸ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದ್ದು. ಪುಡಿ ಚಿಟಿಕೆಯಷ್ಟೇ ಇದ್ದರೆ, ಅಲ್ಲಿಗೆ ಕಳಿಸಬೇಕಾದ ಪಾಲನ್ನು ಮೊದಲೇ ಎತ್ತಿಟ್ಟು ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಎಷ್ಟು ಗಂಟೆಗೆ ಹೋಯಿತೆಂದು ಬರೆದಿಟ್ಟು, ಮಿಕ್ಕಿದ್ದರಲ್ಲಿ ತಮ್ಮ ಪರೀಕ್ಷೆ ನಡೆಸುತ್ತಾರೆ.